ಕೋಟೆ ಹತ್ತುವ ಮುನ್ನ ಚೀಲ ಕಟ್ಟಿ

ಗದಗ ಜಿಲ್ಲೆಯ ರೋಣ ಪಟ್ಟಣದಿಂದ ಯಾವ ದಿಕ್ಕಿಗೆ ಹೊರಟರೂ ಮೊದಲು ಕಾಣುವುದು ಎರೆ ಹೊಲ. ಜೋಳ, ಕಡಲೆ, ಸೂರ್ಯಕಾಂತಿ ಬೆಳೆಯುವ ಈ ಬಯಲಿನಲ್ಲಿ ಕಣ್ಣಿಗೆ ಅಡ್ಡ ಬರುವಂಥದ್ದು ಹೆಚ್ಚೇನೂ ಇಲ್ಲ. ಆದರೆ ಪಶ್ಚಿಮಕ್ಕೆ ಸಾಗಿದರೆ ನರಗುಂದದ ಗುಡ್ಡ, ಪೂರ್ವಕ್ಕೆ ಸಾಗಿದರೆ ಗಜೇಂದ್ರಗಡದ ಬೆಟ್ಟಸಾಲು ಎದುರಾಗುತ್ತವೆ. ಎರಡರ ನೆತ್ತಿಯ ಮೇಲೂ ಕೋಟೆಗಳಿವೆ. ಎರಡೂ ಊರಿಗೆ ಅಂಟಿಕೊಂಡೇ ಇವೆ. ಬಸ್ಸಿನಿಂದ ಇಳಿದವರು ತಲೆ ಎತ್ತಿದರೆ ಸಾಕು, ಗುಡ್ಡ ಕಾಣುತ್ತದೆ.

ಇಷ್ಟು ಹತ್ತಿರವಿರುವುದೇ ಒಂದು ತೊಂದರೆ. ಹಿಮಾಲಯಕ್ಕೋ ಕುದುರೆಮುಖಕ್ಕೋ ಹೊರಟವರು ತಿಂಗಳು ಮೊದಲೇ ತಯಾರಿ ನಡೆಸುತ್ತಾರೆ. ನರಗುಂದದ ಗುಡ್ಡಕ್ಕೆ ಹೊರಟ ಹುಡುಗರು ಮಾತ್ರ ಕೈಬೀಸಿಕೊಂಡು ಹೊರಡುತ್ತಾರೆ. 'ಇಲ್ಲೇ ಹೋಗಿ ಬರ್ತೀವಿ' ಎಂದರೆ ಮನೆಯಲ್ಲೂ ಯಾರೂ ಹೆಚ್ಚು ಕೇಳುವುದಿಲ್ಲ. ಈ ಬಯಲುಸೀಮೆಯ ಗುಡ್ಡಗಳಲ್ಲಿ ಅಪಾಯ ಬರುವುದು ಎತ್ತರದಿಂದ ಅಷ್ಟಾಗಿ ಅಲ್ಲ. ಬಿಸಿಲು, ಬಾಯಾರಿಕೆ, ಸಡಿಲ ಕಲ್ಲು, ಸಿಡಿಲು ಮತ್ತು ಕತ್ತಲೆಯಿಂದ. ಈ ಐದಕ್ಕೂ ಬೇಕಾದ ರಕ್ಷಣೆ ಒಂದು ಸಣ್ಣ ಹೆಗಲಚೀಲದಲ್ಲಿ ಹಿಡಿಸುತ್ತದೆ.

ಕೋಟೆ ಕಲಿಸುವ ಪಾಠ

ನರಗುಂದದ ಕೋಟೆಯನ್ನು 1674ರಲ್ಲಿ ಶಿವಾಜಿ ಕಟ್ಟಿಸಿದನೆಂದು ಹೇಳಲಾಗುತ್ತದೆ. 1785ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಇದಕ್ಕೆ ಮುತ್ತಿಗೆ ಹಾಕಿ ವಶಪಡಿಸಿಕೊಂಡಿತು. 1858ರ ಮೇ ತಿಂಗಳ ಕೊನೆಯಲ್ಲಿ ಇಲ್ಲಿನ ಸಂಸ್ಥಾನಿಕ ಬಾಬಾಸಾಹೇಬ ಭಾವೆ ಬ್ರಿಟಿಷರ ವಿರುದ್ಧ ಬಂಡೆದ್ದ. ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತನಾದ. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಗಜೇಂದ್ರಗಡ ಘೋರ್ಪಡೆ ಮನೆತನದ ನೆಲೆ. ಗುಡ್ಡ ಮಲಗಿದ ಆನೆಯಂತೆ ಕಾಣುವುದರಿಂದ ಈ ಹೆಸರು ಬಂತೆನ್ನುತ್ತಾರೆ. 1787ರಲ್ಲಿ ಮರಾಠರು ಮತ್ತು ಟಿಪ್ಪು ಸುಲ್ತಾನನ ನಡುವೆ ಆದ ಒಪ್ಪಂದ ಇತಿಹಾಸದಲ್ಲಿ ಈ ಊರಿನ ಹೆಸರಿನಿಂದಲೇ ಪ್ರಸಿದ್ಧ. ಊರಿನ ಸಮೀಪದಲ್ಲೇ, ಬೆಟ್ಟದ ಮಗ್ಗುಲಲ್ಲಿ ಕಾಲಕಾಲೇಶ್ವರ ದೇವಾಲಯವಿದೆ. ಅಗಲವಾದ ಮೆಟ್ಟಿಲು ಹತ್ತಿ ಹೋದವರಿಗೆ ಬಂಡೆಯ ಸಂದಿಯಿಂದ ಜಿನುಗುವ 'ಅಂತರಗಂಗೆ' ಕಾಣಸಿಗುತ್ತದೆ.

ಇಂಥ ಗುಡ್ಡದ ಮೇಲೆ ಕೋಟೆ ಕಟ್ಟಿದವರು ಗೋಡೆಯಷ್ಟೇ ನೀರಿನ ಚಿಂತೆಯನ್ನೂ ಮಾಡಿದ್ದರು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಸೀಮೆಯಿದು. ಆ ಮಳೆನೀರು ಹಿಡಿಯಲು ಮೇಲೆಯೇ ಹೊಂಡಗಳನ್ನು ಮಾಡಿದರು. ನೀರು, ಕಾಳು, ಬೆಳಕು, ಎಚ್ಚರಿಕೆ ಕೊಡುವ ಕಹಳೆ ಇಲ್ಲದೆ ಯಾವ ಕೋಟೆಯೂ ಒಂದು ವಾರ ನಿಲ್ಲಲಾರದು. ಒಂದು ದಿನಕ್ಕೆ ಗುಡ್ಡ ಹತ್ತುವ ವಿದ್ಯಾರ್ಥಿಯ ಚೀಲಕ್ಕೂ ಇದೇ ಲೆಕ್ಕ ಸಾಕು.

ಮೊದಲು ನೀರು

ಒಬ್ಬೊಬ್ಬರಿಗೆ 2 ಲೀಟರ್ ನೀರು ಕನಿಷ್ಠ ಅವಶ್ಯ. ಮಾರ್ಚ್ ದಾಟಿದ ಮೇಲೆ 3 ಲೀಟರ್. ಮೇಲಿನ ಹೊಂಡದ ನೀರು ಕುಡಿಯಲು ಯೋಗ್ಯವೆಂದು ನಂಬಬಾರದು. ಹೊಂಡಕ್ಕೆ ಇಳಿಯುವುದಂತೂ ಬೇಡವೇ ಬೇಡ. ಪಾಚಿಗಟ್ಟಿದ ಕಲ್ಲಿನ ಅಂಚಿನಲ್ಲಿ ಒಮ್ಮೆ ಕಾಲು ಜಾರಿದರೆ ಈಜು ಬಲ್ಲವರಿಗೂ ಮೇಲೆ ಬರುವುದು ಕಷ್ಟ.

ಗಜೇಂದ್ರಗಡದ ಸುತ್ತಲ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ಪ್ರವಾಸಿಗರು ನೋಡಿಯೇ ಇರುತ್ತಾರೆ. ಇಲ್ಲಿನ ಗಾಳಿ ಎಷ್ಟು ಬಲವಾದದ್ದು ಎಂಬುದಕ್ಕೆ ಅವೇ ಸಾಕ್ಷಿ. ಈ ಗಾಳಿಗೆ ಬೆವರು ಬಂದ ಹಾಗೆಯೇ ಆರಿಹೋಗುತ್ತದೆ. ಮೈ ತಣ್ಣಗಿದೆ ಎಂದುಕೊಂಡು ಮಕ್ಕಳು ನೀರು ಕುಡಿಯುವುದನ್ನೇ ಮರೆಯುತ್ತಾರೆ. ಬಾಯಾರುವ ತನಕ ಕಾಯದೆ, 20 ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕುಡಿಯುವುದು ಒಳ್ಳೆಯ ರೂಢಿ. ಅರ್ಧ ನೀರು ಮುಗಿದಾಗ ಎಲ್ಲಿದ್ದರೂ ಹಿಂದಿರುಗಬೇಕು ಎಂಬ ನಿಯಮವನ್ನು ಮೊದಲೇ ಮಾಡಿಕೊಳ್ಳಬೇಕು.

ನೀರಿನ ಜೊತೆಗೆ ಎರಡು ಓ.ಆರ್.ಎಸ್. ಪೊಟ್ಟಣ ಇರಲಿ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಸಕ್ಕರೆಯ ಇಂಥದೇ ದ್ರಾವಣ ಕುಡಿಸಿ ಅಸಂಖ್ಯ ಜೀವ ಉಳಿಸಿದರು. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಪೂರ್ತಿ ಪುಡಿಯನ್ನು ಕರಗಿಸಬೇಕು. ಪೊಟ್ಟಣ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಸಪಾಟಾಗಿ ಅಳೆದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಮನೆಯಲ್ಲೇ ತಯಾರಿಸಬಹುದು. ಉಪ್ಪು ಹೆಚ್ಚಾಗಬಾರದು.

ತಲೆ ಸುತ್ತು, ತಲೆನೋವು, ವಾಕರಿಕೆ, ಕಾಲು ಸೆಳೆತ ಇವು ಬಿಸಿಲಿನ ಮೊದಲ ಎಚ್ಚರಿಕೆಗಳು. ತಕ್ಷಣ ನೆರಳಿಗೆ ಕರೆತಂದು, ಬಟ್ಟೆ ಸಡಿಲಿಸಿ, ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಸಬೇಕು. ಮಾತು ತೊದಲಿದರೆ, ಗೊಂದಲಕ್ಕೊಳಗಾದರೆ, ಮೈ ಕೆಂಡವಾದರೆ ಅದು ಬಿಸಿಲಾಘಾತ. ಮೈಗೆಲ್ಲ ನೀರು ಹಾಕಿ ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಲೇಬಾರದು.

ತಲೆಗೂ ಕಾಲಿಗೂ

ಚಪ್ಪಲಿ ಹಾಕಿಕೊಂಡು ಗುಡ್ಡ ಹತ್ತಬಾರದು. ತಳ ಸವೆಯದ ಕ್ಯಾನ್ವಾಸ್ ಬೂಟು, ದಪ್ಪ ಕಾಲುಚೀಲ ಸಾಕು. ಆದರೆ ಪ್ರವಾಸಕ್ಕೆಂದೇ ಹಿಂದಿನ ದಿನ ಕೊಂಡ ಹೊಸ ಬೂಟು ಕಾಲು ಕಚ್ಚುತ್ತದೆ. ವಾರ ಮೊದಲೇ ಅದನ್ನು ಹಾಕಿಕೊಂಡು ಓಡಾಡಬೇಕು. ಜಾಲಿಮುಳ್ಳು, ಒಣಹುಲ್ಲಿನಿಂದ ರಕ್ಷಣೆಗೆ ಪೂರ್ತಿ ಉದ್ದದ ಪ್ಯಾಂಟು ಅಥವಾ ಚೂಡಿದಾರ, ತುಂಬುತೋಳಿನ ಹತ್ತಿಯ ಅಂಗಿ ಇರಲಿ. ತಲೆಗೆ ಅಂಚಿರುವ ಟೋಪಿ ಇಲ್ಲವೇ ಬಿಳಿ ವಸ್ತ್ರ ಬೇಕು. ಈ ಸೀಮೆಯ ರೈತರು ತಲೆಗೆ ಸುತ್ತುವ ವಸ್ತ್ರ ಬರೀ ಶೋಭೆಗಲ್ಲ.

ಚೀಲದ ತಳದಲ್ಲಿ ಒಂದು ಹಳೆಯ ಹತ್ತಿಯ ಚಾದರ ಮಡಚಿಟ್ಟರೆ ಅದರ ಉಪಯೋಗ ಹಲವು. ಮರವಿಲ್ಲದ ನೆತ್ತಿಯ ಮೇಲೆ ನೆರಳಾಗುತ್ತದೆ. ತೋಯಿಸಿದರೆ ಮೈ ತಂಪು ಮಾಡುತ್ತದೆ. ಜೇನು ಎದ್ದರೆ ಮುಸುಕಾಗುತ್ತದೆ. ಮುರಿದ ಕೈಗೆ ಜೋಲಿಯಾಗುತ್ತದೆ.

ಬುತ್ತಿಗೆ ಪೇಟೆಯ ಚಿಪ್ಸ್‌ಗಿಂತ ಮನೆಯ ಕಟಕ ರೊಟ್ಟಿ, ಶೇಂಗಾ ಚಟ್ನಿ ಮೇಲು. ಎರಡು ಶೇಂಗಾ ಉಂಡಿ ಮತ್ತು ಬೆಲ್ಲದ ತುಂಡನ್ನು ಬೇರೆ ಕಟ್ಟಿ, ಕೊನೆಯ ತನಕ ಮುಟ್ಟದೆ ಇಡಬೇಕು. ಇಳಿಯುವಾಗ ಸೋತ ಕಾಲಿಗೆ ಅದೇ ಬಲ. ಕಾಲು ಮಡಚಿ ಬೀಳುವುದು ಹತ್ತುವಾಗಿಗಿಂತ ಇಳಿಯುವಾಗಲೇ ಹೆಚ್ಚು.

ಔಷಧದ ಡಬ್ಬಿ

ತರಗತಿಗೆ ಒಂದು ದೊಡ್ಡ ಡಬ್ಬಿ ಶಿಕ್ಷಕರ ಬಳಿ ಇರಬೇಕು: ಗಾಜ್ ಬಟ್ಟೆ, ಬ್ಯಾಂಡೇಜ್ ಪಟ್ಟಿ, ಉಳುಕಿಗೆ ಎರಡು ಕ್ರೇಪ್ ಬ್ಯಾಂಡೇಜ್, ಗಾಯ ತೊಳೆಯುವ ಆಂಟಿಸೆಪ್ಟಿಕ್, ಕತ್ತರಿ, ಮುಳ್ಳು ತೆಗೆಯುವ ಚಿಮಟಿಗೆ, ಪ್ಯಾರಸಿಟಮಾಲ್ ಮಾತ್ರೆ, ಹೆಣ್ಣುಮಕ್ಕಳಿಗೆ ಸ್ಯಾನಿಟರಿ ಪ್ಯಾಡ್. ಉಬ್ಬಸ, ಮೂರ್ಛೆ, ಸಕ್ಕರೆ ಕಾಯಿಲೆ ಇರುವ ಮಕ್ಕಳ ಔಷಧ ಅವರ ಚೀಲದಲ್ಲೇ ಇರಬೇಕು; ಅದು ಎಲ್ಲಿದೆ ಎಂಬುದು ಶಿಕ್ಷಕರಿಗೂ ತಿಳಿದಿರಬೇಕು. ಪ್ರವಾಸಕ್ಕೆ ಬಿಡುವುದಿಲ್ಲವೇನೋ ಎಂಬ ಹೆದರಿಕೆಯಿಂದ ಮಗುವಿನ ಕಾಯಿಲೆಯನ್ನು ಪಾಲಕರು ಮುಚ್ಚಿಡಬಾರದು.

ರಕ್ತ ಸುರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಡುನಡುವೆ ತೆಗೆದು ನೋಡುವ ಕುತೂಹಲ ಬೇಡ.

ಕಲ್ಲಿನ ಸಂದಿಯ ನಿವಾಸಿಗಳು

ಕುಸಿದ ಕೋಟೆಗೋಡೆ ಹಾವು, ಚೇಳುಗಳಿಗೆ ಅಚ್ಚುಮೆಚ್ಚಿನ ಮನೆ. ಸಂದಿಗೆ ಕೈ ಹಾಕದಿರುವುದು, ಕೂರುವ ಮೊದಲು ಕೋಲಿನಿಂದ ತಟ್ಟಿ ನೋಡುವುದು, ಕತ್ತಲಾದರೆ ಟಾರ್ಚ್ ಬೆಳಕಿನಲ್ಲೇ ಹೆಜ್ಜೆ ಇಡುವುದು ಇಷ್ಟೇ ಎಚ್ಚರಿಕೆ. ಆದ್ದರಿಂದ ಎದೆ ಎತ್ತರದ ಒಂದು ಗಟ್ಟಿ ಕೋಲೂ ಸಾಮಾನಿನ ಪಟ್ಟಿಯಲ್ಲಿರಬೇಕು.

ಹಾವು ಕಚ್ಚಿದರೆ ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗದಿಂದ ಬಿಗಿದು ಕಟ್ಟುವುದು ಮೂರೂ ತಪ್ಪು. ಕಚ್ಚಿಸಿಕೊಂಡವರನ್ನು ನಡೆಸದೆ, ಆ ಕೈ ಅಥವಾ ಕಾಲಿಗೆ ಕೋಲನ್ನು ಆಧಾರವಾಗಿ ಸಡಿಲವಾಗಿ ಕಟ್ಟಿ, ಅಲುಗಾಡದಂತೆ ಆಸ್ಪತ್ರೆಗೆ ಒಯ್ಯಬೇಕು. ವಿಷಕ್ಕೆ ಮದ್ದು ಆಸ್ಪತ್ರೆಯ ಪ್ರತಿವಿಷ ಒಂದೇ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ಹೆಜ್ಜೇನು ಬಂಡೆಯ ಮಗ್ಗುಲಲ್ಲಿ, ಹಳೆಯ ಕಮಾನಿನಡಿ ಗೂಡು ಕಟ್ಟುತ್ತದೆ. ಕಲ್ಲೆಸೆಯುವುದು, ಹೊಗೆ ಹಾಕುವುದು, ಘಾಟು ಅತ್ತರು ಪೂಸಿಕೊಂಡು ಹೋಗುವುದು ಅದನ್ನು ಕೆರಳಿಸುತ್ತವೆ. ಎದ್ದರೆ ಕೈಬೀಸದೆ, ಮುಖ ಮುಚ್ಚಿಕೊಂಡು ದೂರ ಸರಿಯಬೇಕು. ಆದರೆ ಬಂಡೆಯ ಅಂಚು ಯಾವ ಕಡೆಗಿದೆ ಎಂಬ ಎಚ್ಚರವಿರಬೇಕು.

ಸಿಡಿಲು ಮತ್ತು ಕತ್ತಲೆ

ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಈ ಸೀಮೆಗೆ ಸಿಡಿಲನ್ನೂ ತರುತ್ತದೆ. ಬೇಸಿಗೆ ರಜೆಯಲ್ಲಿ ಹುಡುಗರು ತಾವೇ ಗುಂಪು ಕಟ್ಟಿಕೊಂಡು ಗುಡ್ಡಕ್ಕೆ ಹೋಗುವುದೂ ಆಗಲೇ. ಬಯಲಿನ ನಡುವೆ ಎದ್ದು ನಿಂತ ಗುಡ್ಡದ ನೆತ್ತಿ ಸಿಡಿಲಿಗೆ ಸುಲಭದ ಗುರಿ. ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತಿರವಿದೆ ಎಂದರ್ಥ. ಬುರುಜು, ಒಂಟಿಮರ, ಧ್ವಜಸ್ತಂಭಗಳಿಂದ ದೂರ ಸರಿದು ಇಳಿಯತೊಡಗಬೇಕು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ದಾಮಿನಿ' ಎಂಬ ಮೊಬೈಲ್ ಆ್ಯಪ್ ಸಿಡಿಲಿನ ಮುನ್ಸೂಚನೆ ನೀಡುತ್ತದೆ. ಹೊರಡುವ ಮುನ್ನ ಒಬ್ಬರ ಮೊಬೈಲಿನಲ್ಲಾದರೂ ಅದಿರಲಿ.

ಶಾಲಾ ಪ್ರವಾಸದ ಕಾಲವಾದ ಡಿಸೆಂಬರಿನಲ್ಲಿ ಸಂಜೆ ಸುಮಾರು 6 ಗಂಟೆಗೆ ಸೂರ್ಯ ಮುಳುಗುತ್ತಾನೆ. 4 ಗಂಟೆಗೇ ಇಳಿಯಲು ಶುರು ಮಾಡುವುದು ಕ್ಷೇಮ. ತಡವಾದರೆ ಎಂದು ಐದು ಮಂದಿಗೊಂದು ಟಾರ್ಚ್ ಇರಲಿ. ಮೊಬೈಲಿನ ಬೆಳಕನ್ನೇ ನಂಬಿದರೆ, ಕರೆ ಮಾಡಬೇಕಾದ ಹೊತ್ತಿಗೆ ಬ್ಯಾಟರಿ ಮುಗಿದಿರುತ್ತದೆ. ಪ್ರತಿ ಮಗುವಿನ ಕೊರಳಲ್ಲೂ ಒಂದು ಪೀಪಿ ಇರಬೇಕು. ಮೂರು ಸಲ ಊದಿದರೆ 'ಸಹಾಯ ಬೇಕು' ಎಂದು ಎಲ್ಲರೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಗಾಳಿಯಲ್ಲಿ ಕೂಗು ಕೇಳದಿದ್ದರೂ ಪೀಪಿ ಕೇಳುತ್ತದೆ. ಕೂಗಿ ಗಂಟಲೊಣಗುವ ಭಯವೂ ಇಲ್ಲ.

ಹೊರಬೇಕಾದದ್ದು, ಬಿಡಬೇಕಾದದ್ದು

2020ರ ರಾಷ್ಟ್ರೀಯ ಶಾಲಾ ಚೀಲ ನೀತಿಯಂತೆ ಚೀಲದ ಭಾರ ಮಗುವಿನ ತೂಕದ ಶೇ 10ನ್ನು ಮೀರಬಾರದು. ಗುಡ್ಡಕ್ಕೂ ಇದೇ ಅಳತೆ ಇಟ್ಟುಕೊಂಡರೆ 35 ಕಿಲೊ ತೂಕದ ಹುಡುಗಿ ಹೊರಬಹುದಾದದ್ದು ಮೂರೂವರೆ ಕಿಲೊ. ಅದರಲ್ಲಿ ನೀರಿಗೇ 2 ಕಿಲೊ ಹೋಯಿತು. ಉಳಿದ ಒಂದೂವರೆ ಕಿಲೊದಲ್ಲಿ ಬುತ್ತಿ, ಚಾದರ, ಟಾರ್ಚ್, ಔಷಧ ಎಲ್ಲವೂ ಹಿಡಿಯಬೇಕು. ಬೇಸಿಗೆಯ ಮೂರನೆಯ ಲೀಟರನ್ನೂ ಡಬ್ಬಿಗಳನ್ನೂ ದೊಡ್ಡವರು ಹಂಚಿಕೊಳ್ಳಬೇಕು. ಸ್ಪೀಕರ್, ತಂಪು ಪಾನೀಯದ ಬಾಟಲಿಗಳಿಗೆ ಜಾಗವಿಲ್ಲ.

ಅಂಗಡಿಯಿಂದ ಕೊಂಡ ನೈಲಾನ್ ಹಗ್ಗವನ್ನೂ ಮನೆಯಲ್ಲೇ ಬಿಡಬೇಕು. ಅದು ಬಟ್ಟೆ ಒಣಹಾಕಲು ಸರಿ. ಬೀಳುವ ಮನುಷ್ಯನನ್ನು ತಡೆಯಲಾರದು. ಕೈಯಲ್ಲಿ ಹಗ್ಗವಿದೆ ಎಂಬ ಧೈರ್ಯವೇ ಹುಡುಗರನ್ನು ಹತ್ತಬಾರದ ಬಂಡೆಗೆ ಹತ್ತಿಸುತ್ತದೆ. ಬಂಡೆ ಏರುವ ಹಂಬಲವಿದ್ದವರಿಗೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಸಂಸ್ಥೆಗಳು ಹೆಲ್ಮೆಟ್, ಸರಿಯಾದ ಹಗ್ಗಗಳೊಂದಿಗೆ ತರಬೇತಿ ಕೊಡುತ್ತವೆ.

ಚೀಲಕ್ಕೆ ಸೇರದ, ಮನೆಯಲ್ಲೇ ಬಿಟ್ಟುಹೋಗಬೇಕಾದ ಒಂದು ವಸ್ತುವೂ ಇದೆ: ಚೀಟಿ. ಯಾವ ಗುಡ್ಡ, ಯಾರು ಯಾರು, ಎಷ್ಟು ಹೊತ್ತಿಗೆ ವಾಪಸು, ಯಾರ ಫೋನ್ ಸಂಖ್ಯೆ ಇಷ್ಟನ್ನು ಬರೆದು ತಾಯಿಯ ಕೈಗೋ ಅಜ್ಜನ ಕೈಗೋ ಕೊಡಬೇಕು. ಹೇಳಿದ ಹೊತ್ತು ಮೀರಿ ಒಂದು ತಾಸಾದರೆ ಮನೆಯವರು ಸುಮ್ಮನೆ ಕೂರದೆ ಫೋನ್ ಮಾಡಬೇಕು. ಸಿಗದಿದ್ದರೆ 112ಕ್ಕೆ ತಿಳಿಸಬೇಕು.

ನರಗುಂದ ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯಲ್ಲೇ ಇದೆ. ಗಜೇಂದ್ರಗಡಕ್ಕೆ ಗದಗ ಮತ್ತು ರೋಣದಿಂದ ಬಸ್ಸುಗಳಿವೆ. ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಬೆಳಗಿನ ತಂಪಿನಲ್ಲಿ ಹತ್ತಿ, ಬಿಸಿಲೇರುವ ಮುನ್ನ ಇಳಿದವರಿಗೆ ಕಾಲಕಾಲೇಶ್ವರನ ಮೆಟ್ಟಿಲಲ್ಲಿ ಕುಳಿತು ಬುತ್ತಿ ಬಿಚ್ಚಲು ಸಮಯ ಉಳಿಯುತ್ತದೆ. ಮನೆ ಸೇರಿದಾಗ ಬಾಟಲಿಯಲ್ಲಿ ನಾಲ್ಕು ಗುಟುಕು ನೀರು, ಗಂಟಿನಲ್ಲಿ ಒಂದು ಶೇಂಗಾ ಉಂಡಿ, ಬಿಚ್ಚದ ಔಷಧದ ಡಬ್ಬಿ ಉಳಿದಿದ್ದರೆ ಅದನ್ನು ದಂಡವೆನ್ನಬಾರದು. ಚೀಲ ಸರಿಯಾಗಿ ಕಟ್ಟಿದ್ದರು ಎನ್ನಬೇಕು.