ಎಷ್ಟು ಹಿಟ್ಟಿಗೆ ಎಷ್ಟು ಮುದ್ದೆ?

ಪಕ್ಕದ ಮನೆಯ ಹುಡುಗಿ ಪಿಯುಸಿ ಮುಗಿಸಿದ್ದಾಳೆ. ಮೊನ್ನೆ ಬಂದು, "ಆಂಟಿ, ನ್ಯೂಟ್ರಿಷನ್‌ಗೆ ಸ್ಕೋಪ್ ಇದೆಯಾ?" ಅಂದಳು. 1980ರ ದಶಕದ ಕೊನೆಯಲ್ಲಿ ನಾನು ಅದನ್ನೇ ಓದಲು ಮೈಸೂರಿನ ಮಾನಸಗಂಗೋತ್ರಿಗೆ ಹೊರಟಾಗ ಸ್ಕೋಪಿನ ಮಾತೇ ಎದ್ದಿರಲಿಲ್ಲ. "ಅಡುಗೆ ಕಲಿಯೋಕೆ ಎಂಎಸ್ಸಿ ಯಾಕಮ್ಮ, ನಿನ್ನ ದೊಡ್ಡಮ್ಮ ಇಲ್ವಾ?" ಎಂದು ದೊಡ್ಡಪ್ಪ ನಕ್ಕಿದ್ದರು, ಅಷ್ಟೆ.

ಅಲ್ಲಿ ಬೇಯಿಸಿದ್ದಕ್ಕಿಂತ ಸುಟ್ಟದ್ದೇ ಹೆಚ್ಚು. ಪ್ರೋಟೀನ್ ಅಳೆಯಲು ಕೆಲ್ಡಾಲ್ ಪ್ರಯೋಗ. ಚಿಟಿಕೆ ಹುರುಳಿ ಹಿಟ್ಟಿಗೆ ಗಂಧಕಾಮ್ಲ ಸುರಿದು ಕುದಿಸಿದರೆ ಮೊದಲು ಕಾಡಿಗೆಯಂತೆ ಕಪ್ಪಾಗಿ, ಗಂಟೆಗಟ್ಟಲೆ ಕುದಿದ ಮೇಲೆ ತಿಳಿಯಾಗುತ್ತಿತ್ತು. ಅದರಿಂದ ಅಮೋನಿಯಾ ಬಟ್ಟಿ ಇಳಿಸಿ, ಸಾರಜನಕದ ಲೆಕ್ಕ ಹಿಡಿದು, 6.25ರಿಂದ ಗುಣಿಸಬೇಕು. ಮೂಗು ಉರಿಸುವ ಆ ಹೊಗೆ, ಆ ಸೀದ ವಾಸನೆ ದುಪಟ್ಟಕ್ಕೆ ಹತ್ತಿದರೆ ಒಗೆದರೂ ಹೋಗುತ್ತಿರಲಿಲ್ಲ. ಈಗಲೂ ಎಲ್ಲಾದರೂ ಬೇಳೆ ಸೀದರೆ ನನಗೆ ನೆನಪಾಗುವುದು ಲ್ಯಾಬೇ.

ನಮ್ಮ ಮೇಡಂ ಕಡಿಮೆ ಖರ್ಚಿನ ಊಟ ಬರೆಯಲು ಹೇಳಿ, ದುಡ್ಡು ಕೊಟ್ಟು ದೇವರಾಜ ಮಾರ್ಕೆಟ್ಟಿಗೆ ಅಟ್ಟುತ್ತಿದ್ದರು. ಕೊಟ್ಟಷ್ಟರಲ್ಲೇ ಆರು ಜನರ ಊಟ ಹೊಂದಿಸಬೇಕು. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿ, ಎರಡು ಕಟ್ಟು ದಂಟಿನ ಮೇಲೆ ಒಂದು ಹಿಡಿ ನುಗ್ಗೆಸೊಪ್ಪು ಕೊಸರು ಹಾಕಿಸಿಕೊಂಡು ಬಂದರೆ ಮೇಡಂ ಮುಖ ಅರಳುತ್ತಿತ್ತು. ಸೇಬು ತಂದವರಿಗೆ ಮಾತ್ರ ಶಾಸ್ತಿ. ಆಹಾರ ಕೋಷ್ಟಕಗಳ ಪುಸ್ತಕ 'ಗೋಪಾಲನ್' ತೆಗೆದು ಎಲ್ಲರೆದುರು ಓದಿಸುತ್ತಿದ್ದರು: ನೂರು ಗ್ರಾಂ ಸೀಬೆಯಲ್ಲಿ ವಿಟಮಿನ್ ಸಿ 212 ಮಿಲಿಗ್ರಾಂ, ಸೇಬಿನಲ್ಲಿ 1.

ಅವರ ಪಾಂಡಿತ್ಯ ಕಾಣುತ್ತಿದ್ದದ್ದು ಹಳ್ಳಿಯ ಒಲೆ ಮುಂದೆ. 1975ರಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ಶುರುವಾದ ಟಿ. ನರಸೀಪುರದ ಕಡೆಗೆ ಆಹಾರ ಸಮೀಕ್ಷೆಗೆ ಹೋಗಿದ್ದೆವು. ಬಾಣಂತಿಯೊಬ್ಬಳನ್ನು ನಿನ್ನೆ ಏನು ತಿಂದೆಯೆಂದು ಕೇಳಿದರೆ, "ಎಲ್ರೂ ತಿಂದಂಗೆ ಕಣವ್ವ" ಅಂದಳು. ನಾವು ಎರಡು ಮುದ್ದೆ ಎಂದು ಬರೆದುಕೊಂಡೆವು. ಮೇಡಂ ಒಲೆ ಪಕ್ಕ ಕುಕ್ಕರಗಾಲಲ್ಲಿ ಕೂತು, "ಎಷ್ಟು ಹಿಟ್ಟಿಗೆ ಎಷ್ಟು ಮುದ್ದೆ ಕಟ್ಟಿದ್ರಿ? ಯಾರ್ ಯಾರಿಗೆ ಬಡಿಸಿದ್ರಿ?" ಎಂದು ಒಂದೊಂದೇ ಕೇಳಿದರು. ಮುದ್ದೆಗಳೆಲ್ಲ ಗಂಡಸರಿಗೆ, ಅತ್ತೆಗೆ, ಮಕ್ಕಳಿಗೆ ಮುಗಿದಿದ್ದವು. ಅವಳ ಪಾಲಿಗೆ ಉಳಿದದ್ದು ತಳ ಹತ್ತಿದ ಸೀಕು, ಬಸ್ಸಾರಿನ ತಿಳಿ. ಮೇಡಂ ಬೈಯಲಿಲ್ಲ, ನಮ್ಮ ಹಾಳೆಯ ಮೇಲೊಂದು ಗೀಟು ಎಳೆದರು.

ಆ ಕಾಲವೇ ಚಿನ್ನ ಎಂದರೆ ಸುಳ್ಳಾಗುತ್ತದೆ. ಓದು ಮುಗಿಸಿ ಸೇರಿದ ಆಸ್ಪತ್ರೆಯಲ್ಲಿ ಡಯಟೀಶಿಯನ್ ಎಂದರೆ ಅಡುಗೆಮನೆ ಉಸ್ತುವಾರಿ. ಹಾಲಿನ ಲೆಕ್ಕ, ಬ್ರೆಡ್ಡಿನ ಲೆಕ್ಕ. ಸಕ್ಕರೆ ಕಾಯಿಲೆಯವರಿಗೆಲ್ಲ ಸೈಕ್ಲೋಸ್ಟೈಲ್ ಮಾಡಿದ ಒಂದೇ ಹಾಳೆ, ಮಂಡ್ಯದವರಿಗೂ ಮಂಗಳೂರಿನವರಿಗೂ. ಈಗಿನವರಿಗೆ ದಾರಿ ನೆಟ್ಟಗಿದೆ. ಎಂಎಸ್ಸಿಯೋ ಪಿಜಿ ಡಿಪ್ಲೊಮಾವೋ ಮಾಡಿ, ಆರು ತಿಂಗಳು ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮುಗಿಸಿದರೆ ಇಂಡಿಯನ್ ಡಯೆಟಿಕ್ ಅಸೋಸಿಯೇಷನ್ನಿನ ಆರ್‌ಡಿ (ರಿಜಿಸ್ಟರ್ಡ್ ಡಯಟೀಶಿಯನ್) ಪರೀಕ್ಷೆ ಬರೆಯಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಆಹಾರಗಳ ಹೊಸ ಕೋಷ್ಟಕ ಹೊರತಂದಿತು. 2021ರ ಕೇಂದ್ರ ಕಾಯ್ದೆಯೊಂದು ಈ ವೃತ್ತಿಯನ್ನೂ ಆರೋಗ್ಯ ವೃತ್ತಿಗಳ ಸಾಲಿಗೆ ಸೇರಿಸಿತು. ನಮಗೆ ಇಷ್ಟೆಲ್ಲ ಇರಲಿಲ್ಲ.

ಆದರೂ ಹೊಟ್ಟೆ ಉರಿಯುತ್ತದೆ. ಕೆಲವೇ ವಾರಗಳ ಕೋರ್ಸು ಮಾಡಿ ಪ್ರೋಟೀನ್ ಡಬ್ಬಿ ಮಾರುವವರೂ ತಮ್ಮನ್ನು ನ್ಯೂಟ್ರಿಷನಿಸ್ಟ್ ಎಂದೇ ಕರೆದುಕೊಳ್ಳುತ್ತಾರೆ. ತಟ್ಟೆಯ ಫೋಟೋ ಹೊಡೆದರೆ ಮೊಬೈಲು ಕ್ಯಾಲೊರಿ ಹೇಳುತ್ತದಂತೆ. ಆ ತಟ್ಟೆ ಮನೆಯಲ್ಲಿ ಎಷ್ಟನೆಯವರಿಗೆ ಬಂತೆಂದು ಅದಕ್ಕೆ ಗೊತ್ತಿಲ್ಲ.

ಹುಡುಗಿಗೆ ಹೇಳಿದೆ: ಸ್ಕೋಪ್ ಇದೆ, ಧೈರ್ಯವಾಗಿ ಸೇರು. ಆದರೆ ಫೀಸು ಕಟ್ಟುವ ಮೊದಲು ಆ ಕಾಲೇಜಿನಲ್ಲಿ ಎರಡು ವಿಷಯ ವಿಚಾರಿಸು. ಲ್ಯಾಬಿನಲ್ಲಿ ಕೈಯಾರೆ ಕೆಲಸ ಮಾಡಿಸುತ್ತಾರಾ? ಜನರ ಮನೆ ಬಾಗಿಲಿಗೆ ಕರೆದುಕೊಂಡು ಹೋಗುತ್ತಾರಾ? ಎರಡಕ್ಕೂ ಇಲ್ಲ ಅಂದರೆ ಬೇರೆ ಕಾಲೇಜು ನೋಡು.