ಪಾರ್ಕಿಂಗಿನಲ್ಲಿ ಒಂದು ಪ್ಲಗ್ಗು

ಸಂಜೆ ಆರಾದರೆ ನಾನು ಮನೆಯೊಳಗೆ ಕೂರುವವನಲ್ಲ. ಪುಣೆಯ ಕೊಥ್ರೂಡಿನ ನಮ್ಮ ಸೊಸೈಟಿಯ ಗೇಟಿನ ಪಕ್ಕ ಒಂದು ಕಟ್ಟೆಯಿದೆ, ಅಲ್ಲಿಗೆ ಬಂದುಬಿಡುತ್ತೇನೆ. ಮೊನ್ನೆಯೂ ಹಾಗೇ ಕೂತಿದ್ದೆ. ಎದುರಿನ ಪಾರ್ಕಿಂಗಿನಲ್ಲಿ ಹೊಸ ಸ್ಕೂಟರೊಂದು ನಿಂತಿತ್ತು. ಹಸಿರು ನಂಬರ್ ಪ್ಲೇಟು, ಅದರ ಮೇಲೆ ಬಿಳಿ ಅಕ್ಷರ. ಅದರಿಂದ ಹೊರಟ ಕರಿ ವೈರು ಗೋಡೆ ಹತ್ತಿ, ಮೊದಲ ಮಹಡಿಯ ಅಡುಗೆಮನೆಯ ಕಿಟಕಿಯೊಳಗೆ ಹೊಕ್ಕಿತ್ತು. ನಡುವೆ ವೈರಿಗೆ ವೈರು ಕೂಡಿಸಿದ ಕಡೆ ಹಾಲಿನ ಪಾಕೀಟು ಸುತ್ತಿ, ಮಳೆನೀರು ಇಳಿಯದಂತೆ ರಬ್ಬರ್ ಬ್ಯಾಂಡು ಬಿಗಿದಿದ್ದರು. ನೋಡಿದರೆ ಎದೆ ಝಲ್ಲೆನ್ನುತ್ತದೆ.

"ಏನ್ರೀ ಕಾಕಾ, ಕೆಳಗs ಒಂದು ಪ್ಲಗ್ ಹಾಕಿಸಬಾರದ?" ಅಂದೆ.

"ಅರ್ಜಿ ಕೊಟ್ಟು ನಾಕು ತಿಂಗಳಾತ್ರಿ. ಮೀಟಿಂಗಿನ್ಯಾಗ ಇಡ್ತೀವಿ ಅಂತಾರ. ಮೀಟಿಂಗಿಗೆ ಕೋರಂ ಆಗಂಗಿಲ್ಲ" ಅಂದರು ಕಾಕಾ. ಸ್ಕೂಟರು ಅವರದೇ. ವಿಜಯಪುರದ ಕಡೆಯವರು, ಪುಣೆಗೆ ಬಂದು ನಲವತ್ತು ವರ್ಷವಾದರೂ ಮಾತು ಅದೇ ಮಣ್ಣಿನದು.

ಪ್ಲಗ್ಗಿನ ವಿಷಯಕ್ಕೆ ಆಮೇಲೆ ಬರೋಣ. ಆ ಸ್ಕೂಟರಿನ ಹೆಸರು ಚೇತಕ್ ಅನ್ನುವುದನ್ನು ಮೊದಲು ಹೇಳಬೇಕು. ಆ ಹೆಸರು ಕೇಳಿದರೆ ನಿಮಗೂ ಏನೋ ನೆನಪಾಗುತ್ತದೆ, ಅಲ್ಲವೇ? ನಮ್ಮ ಅಪ್ಪನ ಚೇತಕ್ಕಿಗೆ ಬೆಳಗಿನ ಹೊತ್ತು ಒಂದು ಉಪಚಾರವಾಗಬೇಕಿತ್ತು. ಗಾಡಿಯನ್ನು ಪಕ್ಕಕ್ಕೆ ಬಾಗಿಸಿ, ಒಂದು ಕ್ಷಣ ಹಾಗೇ ಹಿಡಿದು, ನೆಟ್ಟಗೆ ನಿಲ್ಲಿಸಿ ಕಿಕ್ ಹೊಡೆದರೆ ಮಾತ್ರ ಶುರು. ಹಿಂದಿನ ಸೀಟಿನಲ್ಲಿ ಅಮ್ಮ, ಮುಂದೆ ನಿಂತ ನಾನು, ನಡುವೆ ಸಂತೆಯ ಚೀಲ. ಪುಣೆಯ ಬಜಾಜ್ ಕಂಪನಿ ಆ ಗಾಡಿಯನ್ನು ತಂದದ್ದು 1972ರಲ್ಲಿ. ಇದೇ ಪುಣೆಯ ಫಿರೋದಿಯಾ ಮನೆತನದ ಕೈನೆಟಿಕ್ ಕಂಪನಿಯ ಲೂನಾ ಕೂಡ ಬಂದದ್ದು ಅದೇ ವರ್ಷ. ಪೆಟ್ರೋಲು ಮುಗಿದರೆ ಪೆಡಲ್ ತುಳಿದು ಮನೆ ಸೇರಬಹುದಾಗಿದ್ದ ಲೂನಾ! ಈಗ ಎರಡೂ ವಿದ್ಯುತ್ತಿನ ಗಾಡಿಗಳಾಗಿ ಮರಳಿವೆ, ಚೇತಕ್ 2020ರಲ್ಲಿ, ಲೂನಾ 2024ರಲ್ಲಿ. ಹೊಸ ಚೇತಕ್ ಮೊದಲು ಮಾರಾಟಕ್ಕೆ ಬಂದದ್ದು ಎರಡೇ ಊರುಗಳಲ್ಲಿ. ಯಾವುವು ಗೊತ್ತೇ? ಪುಣೆ ಮತ್ತು ಬೆಂಗಳೂರು. ತವರು ಅಲ್ಲಿ, ಬದುಕು ಇಲ್ಲಿ ಅನ್ನುವ ನಮ್ಮಂಥವರಿಗೆ ಅದು ಬರೀ ವ್ಯಾಪಾರದ ಸುದ್ದಿಯಾಗಿರಲಿಲ್ಲ.

ಬೆಂಗಳೂರಿನ ಮಾತು ಬಂತಲ್ಲ, ನಮ್ಮವರಿಗೆ ಸಲ್ಲಬೇಕಾದ ಹೆಮ್ಮೆ ಸಲ್ಲಲಿ. 2001ರಷ್ಟು ಹಿಂದೆಯೇ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಬೆಂಗಳೂರಿನ ಬೀದಿಗಿಳಿಯಿತು. ವಿದ್ಯುತ್ ವಾಹನಗಳಿಗಾಗಿ ದೇಶದಲ್ಲೇ ಮೊದಲು ನೀತಿ ತಂದ ರಾಜ್ಯವೂ ಕರ್ನಾಟಕವೇ, 2017ರಲ್ಲಿ. ಮಹಾರಾಷ್ಟ್ರ ಮರುವರ್ಷ ತಂದಿತು, 2021ರಲ್ಲಿ ತಿದ್ದಿ ಬರೆಯಿತು. ಹೊಸ ಗಾಡಿಗಳಲ್ಲಿ ನೂರಕ್ಕೆ ಹತ್ತು ವಿದ್ಯುತ್ತಿನವು ಇರಬೇಕು, ಪುಣೆ ಭಾಗಕ್ಕೆ 500 ಚಾರ್ಜಿಂಗ್ ಕೇಂದ್ರ ಬೇಕು ಎಂದೆಲ್ಲ ಗುರಿಯಿಟ್ಟುಕೊಂಡಿತು. 2025ರಲ್ಲಿ ಮತ್ತೊಂದು ನೀತಿ ಬಂತು. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ವಿದ್ಯುತ್ ಕಾರಿಗೆ ಟೋಲ್ ಮಾಫಿ, ಹೆದ್ದಾರಿಗಳಲ್ಲಿ 25 ಕಿಲೋಮೀಟರಿಗೊಂದು ಚಾರ್ಜಿಂಗ್ ಕೇಂದ್ರ ಎಂದಿತು.

ಸರಕಾರಿ ಕಾಗದ ರಸ್ತೆಗಿಳಿಯುವುದೇ ಇಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಹಾರಾಷ್ಟ್ರದ ಮೊಟ್ಟಮೊದಲ ಎಸ್‌ಟಿ, ಅಂದರೆ ರಾಜ್ಯ ಸಾರಿಗೆಯ ಬಸ್ಸು ಪುಣೆ–ಅಹ್ಮದನಗರ ದಾರಿಯಲ್ಲಿ ಓಡಿದ್ದು 1948ರ ಜೂನ್ 1ರಂದು. ಎಸ್‌ಟಿಯ ಮೊದಲ ವಿದ್ಯುತ್ ಬಸ್ಸು 'ಶಿವಾಯಿ' ಓಡಿದ್ದೂ ಅದೇ ದಾರಿಯಲ್ಲಿ, ಅದೇ ಜೂನ್ 1ರಂದು, 2022ರಲ್ಲಿ. ಊರೊಳಗಿನ ಪಿಎಂಪಿ ವಿದ್ಯುತ್ ಬಸ್ಸುಗಳು 2019ರಿಂದಲೇ ಓಡುತ್ತಿವೆ. ಅದರಲ್ಲಿ ಕೂತು ನೋಡಿ. ಒಮ್ಮೆ ಪಕ್ಕದ ಸೀಟಿನ ಅಜ್ಜ ಮೊಬೈಲಿನಲ್ಲಿ ಸಣ್ಣಗೆ ಭೀಮಸೇನ ಜೋಶಿಯವರನ್ನು ಹಚ್ಚಿದ್ದರು. ಹಿಂದಿನ ತಂಬೂರಿಯ ಶ್ರುತಿ ಕೂಡ ನನ್ನ ಕಿವಿಗೆ ಬಿತ್ತು! ಡೀಸೆಲ್ ಬಸ್ಸಿನಲ್ಲಿ ಕಂಡಕ್ಟರ್ ಕೂಗಿದ್ದೇ ಕೇಳುತ್ತಿರಲಿಲ್ಲ. ಗದಗಿನಿಂದ ಬಂದು ಪುಣೆಯವರಾದ ಪಂಡಿತರಿಗೆ ಕಾರು ಓಡಿಸುವುದೆಂದರೆ ಪ್ರಾಣ. ದೂರದೂರದ ಕಛೇರಿಗಳಿಗೂ ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಸದ್ದಿಲ್ಲದ ಕಾರು ಅವರ ಕೈಗೆ ಸಿಕ್ಕಿದ್ದರೆ ಘಾಟಿನ ಉದ್ದಕ್ಕೂ ಹಾಡಿಕೊಂಡೇ ಹೋಗುತ್ತಿದ್ದರೇನೋ.

ಇರಲಿ, ಪ್ಲಗ್ಗಿಗೆ ಬರೋಣ. ವಿದ್ಯುತ್ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದವರು ಕರೆಂಟು ಮಾರುವಂತಿಲ್ಲ. ಹಾಗಾದರೆ ಗಾಡಿ ಚಾರ್ಜ್ ಮಾಡಿಕೊಟ್ಟು ದುಡ್ಡು ತೆಗೆದುಕೊಂಡರೆ ಅದು ಮಾರಿದಂತಲ್ಲವೇ? ಈ ಗೊಂದಲವನ್ನು ಕೇಂದ್ರ ಸರಕಾರ 2018ರಲ್ಲಿ ಬಿಡಿಸಿತು: ಅದು ಮಾರಾಟವಲ್ಲ, ಸೇವೆ, ಲೈಸೆನ್ಸ್ ಬೇಡ. ಹಿಟ್ಟಿನ ಗಿರಣಿಯವನು ನಮಗೆ ಕರೆಂಟು ಮಾರುತ್ತಾನೆಯೇ? ಜೋಳ ಬೀಸಿಕೊಡುತ್ತಾನೆ, ಅಷ್ಟೇ. ಎಷ್ಟು ಸಣ್ಣ ವಿವರಣೆ, ಆದರೆ ದೇಶದ ತುಂಬ ಅಂಗಡಿ, ಹೋಟೆಲುಗಳ ಮುಂದೆ ಚಾರ್ಜರ್ ನಿಲ್ಲಿಸಲು ದಾರಿಯಾಯಿತು.

ನನ್ನ ಚಿಂತೆ ಬೇರೆ. ಹೆದ್ದಾರಿಯವರಿಗೆ 25 ಕಿಲೋಮೀಟರಿನ ಲೆಕ್ಕ ಬರೆದಾಯಿತು. ಹೊಸದಾಗಿ ಏಳುವ ಕಟ್ಟಡಗಳ ಪಾರ್ಕಿಂಗಿನಲ್ಲಿ ಚಾರ್ಜಿಂಗಿಗೆ ಜಾಗ ಸಿದ್ಧವಿರಬೇಕೆಂದೂ ಬರೆದಾಯಿತು. ಆದರೆ ನಮ್ಮಂಥ ಮೂವತ್ತು ವರ್ಷದ ಹಳೆ ಕಟ್ಟಡದ ಕಾಕಾನಿಗೆ ಬೇಕಾದದ್ದು 25 ಅಡಿ ವೈರು ಮತ್ತು ಒಂದು ಸಹಿ. ಬಾಡಿಗೆಗಿರುವ ಹುಡುಗರಿಗಂತೂ ಆ ಸಹಿ ಕೇಳುವ ಧೈರ್ಯವೂ ಇಲ್ಲ. ಬೆಂಕಿಯ ಭಯ, ಬಿಲ್ಲಿನ ಭಯ ಅನ್ನುತ್ತಾರೆ ನೆರೆಯವರು. ಭಯ ಸುಳ್ಳಲ್ಲ. ಆದರೆ ಬೆಂಕಿಗೆ ಹೆದರಬೇಕಾದದ್ದು ಕಿಟಕಿಯಿಂದ ಜೋತಾಡುವ ಆ ವೈರಿಗೆ. ಸರಿಯಾದ ಅರ್ಥಿಂಗ್, ಎಂಸಿಬಿ ಹಾಕಿ ಗೋಡೆಗೆ ಕೂರಿಸಿದ ಪ್ಲಗ್ಗಿಗಲ್ಲ. ಬಿಲ್ಲಿಗೆ ಬೇರೆ ಮೀಟರ್ ಇದೆ. ಕರೆಂಟಾದರೂ ಎಷ್ಟು ಹೋದೀತು? ಕಾಕಾನ ಸ್ಕೂಟರ್ ಪೂರ್ತಿ ಚಾರ್ಜಾಗಲು ಹೆಚ್ಚುಕಡಿಮೆ ಮೂರು ಯೂನಿಟ್, ಅಂದರೆ 2 ಕಿಲೋವ್ಯಾಟಿನ ಗೀಸರ್ ಒಂದೂವರೆ ತಾಸು ಉರಿದಷ್ಟು.

ಕಾಯ್ದೆ, ನೀತಿ, ಸರಕಾರಿ ಆದೇಶ ಎಲ್ಲ ನಮ್ಮ ಗೇಟಿನವರೆಗೆ ಬಂದು ನಿಂತಿವೆ. ಗೇಟಿನಿಂದ ಒಳಗೆ ಕರೆತರಬೇಕಾದವರು ನಾವು. ಮುಂದಿನ ಭಾನುವಾರ ನಮ್ಮಲ್ಲಿ ಮತ್ತೆ ಮೀಟಿಂಗ್ ಇದೆ. ಕೋರಂ ಆಗಲೆಂದು ನಾನು ಮನೆಮನೆಗೆ ಹೋಗಿ ಕರೆಯಲು ಶುರುಮಾಡಿದ್ದೇನೆ. ನಿಮ್ಮ ಸೊಸೈಟಿಯಲ್ಲೂ ಇಂಥ ಅರ್ಜಿಯೊಂದು ಫೈಲಿನಲ್ಲಿ ಬಿದ್ದಿರಬಹುದು. ದಯವಿಟ್ಟು ಮೀಟಿಂಗಿಗೆ ಹೋಗಿ, ಕೈ ಎತ್ತಿ.