ಎಷ್ಟು ಪದ, ಎಷ್ಟು ಸಲ?

ಮಕ್ಕಳು ಶಾಲೆಗೆ ಸೇರಿದರೆಂದರೆ ತಂದೆತಾಯಿಗಳೂ ಮತ್ತೆ ಸೇರಿದಂತೆಯೇ. ನಮ್ಮಿಬ್ಬರ ಪಾಲಿಗೆ ಈ ವರ್ಷ ಬಂದ ಪಾಠ 'ಸೆಟ್'. ಊರಿನಲ್ಲಿ ನಾವು 'ಗಣ' ಎಂದು ಓದಿದ್ದು. ಗಣದ ನಿಯಮ ಕಟ್ಟುನಿಟ್ಟು: ಒಂದು ಅಂಶ ಇದೆಯೋ ಇಲ್ಲವೋ, ಅಷ್ಟೇ. ಅದನ್ನು ಎರಡು ಸಲ ಬರೆದರೂ ಲೆಕ್ಕ ಒಂದೇ.

ಆದರೆ ಎಲ್ಲ ಕೆಲಸಕ್ಕೂ ಈ ನಿಯಮ ಸಾಲದು. 12ನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆದರೆ 2, 2, 3 ಸಿಗುತ್ತವೆ. ಎರಡನೆಯ 2ನ್ನು ಬಿಟ್ಟು ಗುಣಿಸಿದರೆ 6 ಮಾತ್ರ ಬರುತ್ತದೆ. ಒಂದು ಅಂಶ ಎಷ್ಟು ಸಲ ಇದೆಯೆಂಬುದನ್ನೂ ಲೆಕ್ಕಕ್ಕೆ ಹಿಡಿಯುವ ಇಂಥ ಗುಂಪಿಗೆ 'ಮಲ್ಟಿಸೆಟ್' ಎನ್ನುತ್ತಾರೆ. ಹೆಸರು ಸೂಚಿಸಿದವರು ಡಚ್ ಗಣಿತಜ್ಞ ಡೆ ಬ್ರೌನ್, 1970ರ ದಶಕದಲ್ಲಿ.

ಹೆಸರು ಹೊಸದಾದರೂ ವಿಚಾರ ಹಳೆಯದು. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ 'ಲೀಲಾವತಿ'ಯ ಅಂಕಪಾಶವೆಂಬ ಭಾಗದಲ್ಲಿ, 2, 2, 1, 1 ಈ ಅಂಕಿಗಳಿಂದ ಎಷ್ಟು ಸಂಖ್ಯೆಗಳಾಗುತ್ತವೆ, ಅವುಗಳ ಮೊತ್ತವೆಷ್ಟು ಎಂಬ ಪ್ರಶ್ನೆಯಿದೆ. ನಾಲ್ಕೂ ಬೇರೆಬೇರೆ ಅಂಕಿಗಳಾಗಿದ್ದರೆ 24 ಆಗುತ್ತಿತ್ತು. ಇಲ್ಲಿ ಎರಡು ಜೋಡಿಗಳಿವೆ. ಒಂದೊಂದು ಜೋಡಿಗೂ ಒಮ್ಮೆ 2ರಿಂದ ಭಾಗಿಸಿದರೆ ಉಳಿಯುವುದು 6. ಅವುಗಳ ಮೊತ್ತ 9999! ಮಕ್ಕಳಿಗೆ ಇದನ್ನೇ ಕನ್ನಡ ಅಕ್ಷರಗಳಲ್ಲಿ ತೋರಿಸಿದೆವು: 'ಕಮಲ'ದ ಅಕ್ಷರಗಳನ್ನು 6 ಬಗೆಯಲ್ಲಿ ಜೋಡಿಸಬಹುದು, 'ಕನಕ'ದ ಅಕ್ಷರಗಳನ್ನು 3 ಬಗೆಯಲ್ಲಿ ಮಾತ್ರ.

ಅದೇ ಉತ್ಸಾಹದಲ್ಲಿ ಮಕ್ಕಳಿಗೆ ಗೊತ್ತಿರುವ ಕನ್ನಡ ಪದಗಳ ಪಟ್ಟಿ ಮಾಡಿದೆವು. ಅಜ್ಜಿ, ಅನ್ನ, ಸಾರು, ಬೆಳದಿಂಗಳು ಎಂದು ಹಾಳೆ ತುಂಬಿತು. ನಮಗೆ ಹೆಮ್ಮೆಯೇ. ಮರುದಿನ ಬೆಳಗಿನಿಂದ, ಒಂದೊಂದು ಪದವನ್ನು ಅವರು ಆಡಿದಾಗಲೆಲ್ಲ ಅದರ ಮುಂದೆ ಒಂದು ಗೀಟು ಹಾಕುತ್ತ ಬಂದೆವು. ರಾತ್ರಿ ನೋಡಿದರೆ 'ಅಮ್ಮ'ನ ಮುಂದೆ ಗೀಟುಗಳ ಸಾಲು, 'ಬೇಡ'ದ ಮುಂದೆ ಇನ್ನೂ ಉದ್ದದ ಸಾಲು, ಉಳಿದ ಹೆಚ್ಚಿನ ಪದಗಳ ಮುಂದೆ ಖಾಲಿ ಜಾಗ. ಬರೀ ಗಣವೆಂದು ನೋಡಿದರೆ ನಮ್ಮ ಮನೆಯಲ್ಲಿ ಕನ್ನಡ ಭದ್ರವಾಗಿದೆ. ಎಣಿಕೆಯನ್ನೂ ಸೇರಿಸಿ ನೋಡಿದರೆ ಮೆಲ್ಲಗೆ ಕೈಜಾರುತ್ತಿದೆ. ಅಜ್ಜಿಗೆ ಫೋನಿನಲ್ಲಿ ಹೇಳುವ ಮಾತು ವರ್ಷವರ್ಷಕ್ಕೆ ಚಿಕ್ಕದಾಗುತ್ತಿರುವುದು ಏಕೆಂದು ನಮಗೆ ಆ ಹಾಳೆಯಿಂದ ತಿಳಿಯಿತು.

ಈಗ ರಾತ್ರಿ ಊಟದ ಹೊತ್ತಿಗೆ ಹೇಳಿದ ಕಥೆಯನ್ನೇ ಮತ್ತೆ ಹೇಳುತ್ತೇವೆ, ಅವರಿಂದಲೂ ಹೇಳಿಸುತ್ತೇವೆ. 'ಇದು ಆಗಲೇ ಕೇಳಿದ್ದು' ಎಂದು ಮಕ್ಕಳು ಮುಖ ಸಿಂಡರಿಸುತ್ತಾರೆ. 'ಎರಡನೆಯ ಸಲವೂ ಲೆಕ್ಕಕ್ಕುಂಟು' ಎನ್ನುತ್ತೇವೆ. ಸದಸ್ಯ ಮಿತ್ರರೂ ತಮ್ಮ ಮನೆಗಳಲ್ಲಿ ಒಂದು ದಿನ ಗೀಟು ಹಾಕಿ ನೋಡಬಹುದು. ಖರ್ಚು ಒಂದು ಹಾಳೆ, ಒಂದು ಪೆನ್ಸಿಲ್ ಅಷ್ಟೇ.